ಗಂಟಲಿನ ಯಜಮಾನ ಕಿವಿ

ಟ್ರಂಕ್ ಕಾಲ್ ಕಾಲದ ಹಿರಿಯರನ್ನು ನೆನಪಿಸಿಕೊಳ್ಳಿ. ಪಕ್ಕದ ಊರಿಗೆ ಫೋನ್ ಮಾಡಿದರೆ ಮಾಮೂಲಿ ದನಿ. ಬೊಂಬಾಯಿಗೆ ಮಾಡಿದರೆ ಅಕ್ಕಪಕ್ಕದವರು ಬಾಗಿಲಿಗೆ ಬರುವಷ್ಟು ಜೋರು. ದುಬೈಗಾದರೆ ಫೋನೇ ಬೇಡ, ಬರೀ ದನಿಯೇ ಸಮುದ್ರ ದಾಟಿಬಿಡುತ್ತದೆ ಅನ್ನಿಸುತ್ತಿತ್ತು. ದೂರ ಹೆಚ್ಚಾದಷ್ಟೂ ಕೂಗು ಹೆಚ್ಚಬೇಕು ಅನ್ನುವ ಲೆಕ್ಕ. ನಗು ಬರುತ್ತದೆ, ನಿಜ. ಆದರೆ ಪೂರ್ತಿ ತಪ್ಪು ಲೆಕ್ಕವೇನಲ್ಲ. ಆ ಕಡೆಯ ದನಿ ಗರಗರ ಸದ್ದಿನ ನಡುವೆ ಸಣ್ಣಗೆ ಬರುತ್ತಿತ್ತು. ನಮಗೆ ಸರಿಯಾಗಿ ಕೇಳಿಸದಿದ್ದರೆ ಅವರಿಗೂ ಕೇಳಿಸುತ್ತಿಲ್ಲ ಎಂದು ಗಂಟಲು ತಾನೇ ತೀರ್ಮಾನ ಮಾಡಿಬಿಡುತ್ತದೆ. ನಮ್ಮನ್ನು ಒಂದು ಮಾತು ಕೇಳುವುದೂ ಇಲ್ಲ.

ಇದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಬರೆದಿಟ್ಟರು. ಕಿವಿಗೆ ಗದ್ದಲ ಬಿದ್ದರೆ ಮಾತಾಡುವವನ ದನಿ ತಾನಾಗಿ ಏರುತ್ತದೆ ಎಂದು. ಅದರಿಂದ ಒಂದು ಪತ್ತೇದಾರಿ ಕೆಲಸವೂ ಆಯಿತು. ಕಿವಿ ಕೇಳಿಸುವುದಿಲ್ಲ ಎಂದು ನಟಿಸುವವರಿಗೆ ಏನಾದರೂ ಓದಲು ಕೊಟ್ಟು, ಕಿವಿಗೆ ಗದ್ದಲ ಬಿಡುವುದು. ನಿಜವಾಗಿ ಕೇಳಿಸದವರ ದನಿ ಇದ್ದ ಹಾಗೇ ಇರುತ್ತದೆ. ನಟಿಸುವವರ ದನಿ ಮೇಲೇರಿ ಗುಟ್ಟು ಬಿಟ್ಟುಕೊಡುತ್ತದೆ. ನಮ್ಮ ಬಸ್ಸುಗಳಲ್ಲಿ ಈ ಪ್ರಯೋಗ ದಿನಾ ನಡೆಯುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗ ಪಕ್ಕದ ಸ್ನೇಹಿತನಿಗೆ ತನ್ನ ಸಂಬಳದ ಗುಟ್ಟು ಹೇಳುತ್ತಾನೆ. ಕಂಡಕ್ಟರಿಗೂ ಅದು ಗೊತ್ತಾಗುತ್ತದೆ.

ಗಂಟಲು ಕೆಲಸಗಾರ, ಕಿವಿ ಯಜಮಾನ. ಯಜಮಾನನೆಂದರೆ ಬರೀ ನಮ್ಮ ಕಿವಿಯಲ್ಲ, ಎದುರಿನವರದ್ದೂ. ಹಳೇ ಲ್ಯಾಂಡ್‌ಲೈನ್ ಸುಮಾರು 300ರಿಂದ 3400 ಹರ್ಟ್ಝ್‌ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತಿತ್ತು. ಗಂಡಸರ ಗಂಟಲಿನ ತಂತುಗಳು ಸೆಕೆಂಡಿಗೆ ನೂರು, ನೂರಿಪ್ಪತ್ತು ಸಲ ಅದುರುತ್ತವೆ. ಅಂದರೆ ದನಿಯ ಆ ಬುಡವೇ ಫೋನಿನಲ್ಲಿ ದಾಟುತ್ತಿರಲಿಲ್ಲ. ಆದರೂ ಅಪ್ಪನ ದಪ್ಪ ದನಿ ದಪ್ಪವಾಗಿಯೇ ಕೇಳುತ್ತಿತ್ತಲ್ಲ? ದಾಟಿ ಬಂದ ಮೇಲಿನ ಸ್ವರಗಳಿಂದ ಲೆಕ್ಕ ಹಾಕಿ, ಕೇಳುವವರ ಮಿದುಳು ಇಲ್ಲದ ಬುಡವನ್ನು ತುಂಬಿಕೊಳ್ಳುತ್ತಿತ್ತು. ಅಪ್ಪನ ಗತ್ತಿನಲ್ಲಿ ಒಂದಿಷ್ಟು ನಾವೇ ಮಾಡಿಕೊಂಡದ್ದು.

ಬೀದಿಯಲ್ಲಿ ಸೊಪ್ಪು ಮಾರುವವರನ್ನು ನೋಡಿ. ದೂರದಿಂದ ಅವರ ಪದ ಯಾವತ್ತೂ ತಿಳಿಯುವುದಿಲ್ಲ. ವ್ಯಂಜನಗಳಿಗೆ ಶಕ್ತಿ ಕಡಿಮೆ, ದಾರಿಯಲ್ಲೇ ಉದುರಿಹೋಗುತ್ತವೆ. ಸ್ವರ ದೂರ ಹೋಗುತ್ತದೆ. ಅದಕ್ಕೇ ಕೊನೆಯ 'ಓ' ಅಷ್ಟುದ್ದ. ಆ ರಾಗದ ಮೇಲೇ ಇವರು ಸೊಪ್ಪಿನವರು, ಅವರು ಹಳೇ ಪೇಪರಿನವರು ಎಂದು ಒಳಗಿದ್ದವರಿಗೆ ತಿಳಿಯುತ್ತದೆ. ಇನ್ನೊಂದು ಚೆಂದವೂ ಇದೆ. ಬಾಗಿಲಲ್ಲಿ ಅಜ್ಜಿ ಕಂಡ ಕೂಡಲೇ ಕೂಗು ನಿಲ್ಲುತ್ತದೆ, ಬೇರೆಯೇ ದನಿ ಬರುತ್ತದೆ. "ನಿಮಗೆ ಅಂತಲೇ ಎಳೇ ದಂಟು ಇಟ್ಟಿದ್ದೀನಮ್ಮ." ಈಗ ಗಾಡಿಗೆ ಸ್ಪೀಕರ್ ಕಟ್ಟಿ ರೆಕಾರ್ಡ್ ಹಾಕಿಬಿಟ್ಟಿದ್ದಾರೆ. ಅಜ್ಜಿ ಎದುರಿಗೆ ಬಂದು ನಿಂತರೂ ಅದು ಅದೇ ಕೂಗು ಕೂಗುತ್ತದೆ. ಗಂಟಲು ನೋಯುವುದು ತಪ್ಪಿತು, ಒಳ್ಳೆಯದೇ. ಆದರೆ ಅದಕ್ಕೆ ಅಜ್ಜಿ ಕಾಣುವುದಿಲ್ಲ.

ದನಿಯೊಂದರಲ್ಲೇ ಏನೆಲ್ಲ ಮಾಡಬಹುದು ಎಂದು ನೋಡಬೇಕಾದರೆ ತಾಳಮದ್ದಳೆಗೆ, ಅಂದರೆ ಕುಳಿತು ಬರೀ ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ ಹೋಗಬೇಕು. ಕರಾವಳಿಯಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಮಳೆ ಶುರು. ಆಮೇಲೆ ತಾಳಮದ್ದಳೆ ಕೂಟಗಳ ಕಾಲ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ, ಶಾಲಿನಲ್ಲಿ ಎದುರುಬದುರು ಕುಳಿತ ಅರ್ಥಧಾರಿಗಳು ಕೃಷ್ಣ, ಕೌರವ, ವಾಲಿ ಆಗಬೇಕು. ಭಾಗವತರು ಹಾಡುವ ಪದ್ಯ ಮಾತ್ರ ಮೊದಲೇ ಬರೆದದ್ದು. ಅರ್ಥ, ಅಂದರೆ ಪದ್ಯದ ಮೇಲೆ ಆಡುವ ಮಾತು, ಅಲ್ಲೇ, ಆ ಹೊತ್ತಿಗೆ ಹುಟ್ಟಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಅದನ್ನು 'ನೋಡಿದೆವು' ಎಂದೇ ಹೇಳುತ್ತಾರೆ. ಇರಬಹುದು, ನನಗೇನೂ ಅನುಮಾನವಿಲ್ಲ.

'ಕರ್ಣಭೇದನ' ನನಗೆ ಬಹಳ ಇಷ್ಟ. ಯುದ್ಧ ಇಲ್ಲ, ಕೂಗಾಟ ಇಲ್ಲ. ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು ನೀನು ಕುಂತಿಯ ಮಗ ಎಂದು ಹೇಳುವುದು, ಅಷ್ಟೇ. ಒಳ್ಳೆಯ ಅರ್ಥಧಾರಿ ಇದನ್ನು ಎಂದೂ ಎತ್ತರದ ದನಿಯಲ್ಲಿ ಹೇಳುವುದಿಲ್ಲ. ಅಲ್ಲಿವರೆಗೂ ತಮಾಷೆಯಾಗಿ ಬಂದ ದನಿ ಇಳಿಯುತ್ತಾ, ನಿಧಾನವಾಗುತ್ತಾ ಬರುತ್ತದೆ. ಸಭೆ ತಾನಾಗಿ ಮುಂದಕ್ಕೆ ಬಾಗುತ್ತದೆ. ಆದರೆ ಇಲ್ಲಿ ಅರ್ಧ ಕೆಲಸ ಕರ್ಣನದು, ಅದೂ ಮಾತಾಡದೆ. ಅವನು ಸರಿಯಾಗಿ ಕೇಳಬೇಕು. ಕೃಷ್ಣ ಹೇಳಿ ಮುಗಿಸಿದ ಮೇಲೆ ಎಷ್ಟು ಹೊತ್ತು ಸುಮ್ನಿರುತ್ತಾನೆ ಎನ್ನುವುದರ ಮೇಲೆ ಇಡೀ ಪ್ರಸಂಗ ನಿಂತಿದೆ. ತಾನು ಕಟ್ಟಿಟ್ಟುಕೊಂಡ ವಾದ ಮರೆತುಹೋದೀತು ಎಂಬ ಅವಸರಕ್ಕೆ ತಕ್ಷಣ ಬಾಯಿ ಹಾಕುವ ಕರ್ಣರೂ ಇದ್ದಾರೆ. ಆಗ ಕೃಷ್ಣ ಎಷ್ಟೇ ದೊಡ್ಡವನಾಗಲಿ, ಅವನ ಮಾತು ಸುದ್ದಿ ಹೇಳಿದ ಹಾಗಾಗುತ್ತದೆ.

ಎದುರಿಗೆ ಯಾರೂ ಇಲ್ಲದೆ ಮಾತಾಡುವುದು ಇನ್ನೂ ಕಷ್ಟ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಶುರುಮಾಡಿ ಅದನ್ನು 'ಆಕಾಶವಾಣಿ' ಎಂದು ಕರೆದರು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು ಎನ್ನುವುದು ನನಗೆ ಬಹಳ ಸರಿ ಅನ್ನಿಸುತ್ತದೆ. ಮೈಕಿನ ಮುಂದೆ ಕುಳಿತವರು ಸಾವಿರಾರು ಜನಕ್ಕೆ ಭಾಷಣ ಮಾಡಿದರೆ ಕೇಳುವವರು ರೇಡಿಯೊ ಆರಿಸಿಬಿಡುತ್ತಾರೆ. ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಿರುವ ಒಬ್ಬರನ್ನು ಮನಸ್ಸಿನಲ್ಲಿ ಕೂರಿಸಿಕೊಂಡು, ಅವರೊಬ್ಬರಿಗೇ ಹೇಳಬೇಕು. ರೇಡಿಯೊದ ಒಳ್ಳೆಯ ದನಿಗಳೆಲ್ಲ ಹೀಗೆ ಯಾರಿಗೋ ಹೇಳುತ್ತಿದ್ದವು. ಬೆಳಗ್ಗಿನ ಚಿಂತನ ಕೇಳಿ ಬೆಳೆದವರಿಗೆ ಇದು ಗೊತ್ತು.

ಈಗ ಎಲ್ಲರ ಕೈಯಲ್ಲೂ ಒಂದೊಂದು ಸ್ಟುಡಿಯೊ. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬರುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಅನುಕೂಲವೂ ಇದೆ. ವಿಷಯ ಬೇಗ ಗೊತ್ತಾಗುತ್ತದೆ, ಆದರೆ ಹೇಳುವವರು ಉಸಿರು ತೆಗೆದುಕೊಂಡ ಜಾಗಗಳೆಲ್ಲ ಕುಗ್ಗಿಹೋಗುತ್ತವೆ. ಸುಸ್ತಾಗಿ ಮಾತಾಡುವವರೂ ಉತ್ಸಾಹದಲ್ಲಿರುವ ಹಾಗೆ ಕೇಳುತ್ತದೆ. ನಮ್ಮ ಅತ್ತೆಯ ಮೆಸೇಜುಗಳನ್ನು ಮಾತ್ರ ನಾನು ಮಾಮೂಲಿ ವೇಗದಲ್ಲೇ ಕೇಳುತ್ತೇನೆ. "ಹಲೋ, ಕೇಳಿಸ್ತಾ ಇದೆಯಾ?" ಎಂದು ಶುರು. ಸ್ವಲ್ಪ ಕಾಯುತ್ತಾರೆ. "ಮಳೆ ಜಾಸ್ತಿ ಈ ವರ್ಷ, ಅಲ್ವಾ?" ಮತ್ತೆ ಕಾಯುತ್ತಾರೆ. ಸೊಂಟನೋವು, ಹಲಸಿನ ಹಪ್ಪಳ, ಪಕ್ಕದ ಮನೆಯ ಮದುವೆ, ಪ್ರತಿಯೊಂದಕ್ಕೂ ನನ್ನ 'ಹೂಂ'ಗೆ ಜಾಗ ಬಿಟ್ಟೇ ಮುಂದೆ ಹೋಗುತ್ತಾರೆ. ಕೊನೆಗೆ ಬೇಜಾರಿನಿಂದ, "ಆಗಿನಿಂದ ನಾನೇ ಮಾತಾಡ್ತಾ ಇದ್ದೀನಿ, ನೀನು ಒಂದೂ ಮಾತಾಡ್ತಿಲ್ಲ, ಇಡ್ತೀನಿ" ಎಂದು ಮುಗಿಸುತ್ತಾರೆ.