ಸಾಹೇಬ್ರು ಬರ್ತಿದ್ದಾರೆ, ಡಬ್ಬ ಎತ್ತಿ!

ಎಲ್ಲೋ ಒಂದು ಕಟ್ಟಡದಲ್ಲಿ ಜನ ಸತ್ತ ಮೇಲೆ ಬರುವ ಸುದ್ದಿ ಮತ್ತೆ ಶುರುವಾಗಿದೆ. ‘ನಗರದ ಎಲ್ಲ ವಾಣಿಜ್ಯ ಕಟ್ಟಡಗಳ ತಪಾಸಣೆಗೆ ಸೂಚನೆ, ಲೋಪ ಕಂಡುಬಂದರೆ ಮುಲಾಜಿಲ್ಲದೆ ಕ್ರಮ.’ ಈ ಸುದ್ದಿಯನ್ನು ಹೊಸದಾಗಿ ಬರೆಯುವ ಕಷ್ಟ ಯಾವ ವರದಿಗಾರನಿಗೂ ಇಲ್ಲ. ಹಳೆಯದರಲ್ಲಿ ಊರಿನ ಹೆಸರು ಮತ್ತು ಸತ್ತವರ ಸಂಖ್ಯೆ ಬದಲಿಸಿದರೆ ಮುಗಿಯಿತು. ಸಚಿವರ ಆಘಾತ, ಪರಿಹಾರದ ಮೊತ್ತ, ಹದಿನೈದು ದಿನದಲ್ಲಿ ವರದಿ, ಇವೆಲ್ಲ ಮೊದಲೇ ಟೈಪಾಗಿ ಕೂತಿರುತ್ತವೆ.

ಹಾಗಂತ ನಮ್ಮ ಆಡಳಿತಕ್ಕೆ ಒಂದು ಪದ್ಧತಿಯೇ ಇಲ್ಲ ಎಂದು ಯಾರೂ ಆಡಿಕೊಳ್ಳಬಾರದು. ಇದೆ, ಬಹಳ ಅಚ್ಚುಕಟ್ಟಾಗಿದೆ. ಜನ ಯಾವ ನಮೂನೆಯ ಜಾಗದಲ್ಲಿ ಸತ್ತರೋ ಆ ನಮೂನೆಯ ಜಾಗಗಳನ್ನು ಮಾತ್ರ ತಪಾಸಣೆ ಮಾಡುವುದು. 2017ರ ಡಿಸೆಂಬರ್ 29ರಂದು ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ ತಾರಸಿಯ ಮೇಲಿನ ಪಬ್‌ಗೆ ಬೆಂಕಿ ಬಿತ್ತು, 14 ಜನ ಹೋದರು. ಮರುದಿನವೇ ಪಾಲಿಕೆ ಮುನ್ನೂರಕ್ಕೂ ಹೆಚ್ಚು ಕಡೆ ಅಕ್ರಮ ಕಟ್ಟಡ ಕೆಡವಿತು. ಒಂದೇ ರಾತ್ರಿಯಲ್ಲಿ ಮುನ್ನೂರು ಅಕ್ರಮ ಕಾಣುವಷ್ಟು ಚುರುಕಾದ ಕಣ್ಣಿಗೆ ಅದರ ಹಿಂದಿನ ದಿನ ಯಾವ ಪೊರೆ ಬಂದಿತ್ತೋ. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಆರ್ಕೇಡ್‌ನ ಕೋಚಿಂಗ್ ಕ್ಲಾಸಿಗೆ ಬೆಂಕಿ ಬಿದ್ದು 22 ಮಕ್ಕಳು ಸತ್ತರು. ಸರಿ, ಕೋಚಿಂಗ್ ಕ್ಲಾಸುಗಳ ತಪಾಸಣೆ. 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ 27 ಜನ. ಗುಜರಾತಿನ ಗೇಮ್ ಝೋನ್‌ಗಳಿಗೆಲ್ಲ ಬೀಗ. ಅದೇ ಜುಲೈ 27ರಂದು ದಿಲ್ಲಿಯ ಹಳೇ ರಾಜೇಂದ್ರ ನಗರದ ಕೋಚಿಂಗ್ ಸೆಂಟರಿನ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿದರು, ನೆಲಮಾಳಿಗೆಗಳಿಗೆ ಸೀಲು. ಹೀಗೇ ಮುಂದುವರಿದರೆ ದೇಶದ ಎಲ್ಲ ಬಗೆಯ ಕಟ್ಟಡಕ್ಕೂ ಒಂದಲ್ಲ ಒಂದು ದಿನ ತಪಾಸಣೆಯ ಯೋಗ ಬಂದೇ ಬರುತ್ತದೆ. ನಾಗರಿಕರಿಂದ ಬೇಕಾದದ್ದು ಸ್ವಲ್ಪ ಸಹಕಾರ. ಒಂದೊಂದು ಬಗೆಯ ಕಟ್ಟಡದಲ್ಲೂ ಕೆಲವರು ಸರದಿಯ ಪ್ರಕಾರ ಸಾಯುತ್ತಾ ಬರಬೇಕು, ಅಷ್ಟೆ.

ತಪಾಸಣೆ ಹೇಗೆ ನಡೆಯುತ್ತದೆ ಎಂದು ಯಾವುದಾದರೂ ಕಾಂಪ್ಲೆಕ್ಸಿನ ಸೆಕ್ಯುರಿಟಿಯವರನ್ನು ಕೇಳಿ ನೋಡಿ. ತಂಡ ಬರುವ ಸುದ್ದಿ ತಂಡಕ್ಕಿಂತ ಮೊದಲು ಬಂದಿರುತ್ತದೆ. ‘ಸಾಹೇಬ್ರು ಬರ್ತಿದ್ದಾರೆ, ಡಬ್ಬ ಎತ್ರೋ’ ಎಂದು ಮ್ಯಾನೇಜರ್ ಕೂಗುತ್ತಾರೆ. ಹಿಂದಿನ ಮೆಟ್ಟಿಲ ಮೇಲೆ ವರ್ಷವಿಡೀ ಪೇರಿಸಿಟ್ಟ ರಟ್ಟಿನ ಡಬ್ಬಗಳು, ಮುರಿದ ಕುರ್ಚಿಗಳು, ತಲೆಯಿಲ್ಲದ ಬಟ್ಟೆಯಂಗಡಿ ಬೊಂಬೆಗಳು, ಹಳೇ ಫ್ಲೆಕ್ಸ್ ಸುರುಳಿಗಳು ಎಲ್ಲವೂ ಲಿಫ್ಟ್ ಹತ್ತಿ ತಾರಸಿಗೆ ಹೋಗುತ್ತವೆ. ತುರ್ತು ಬಾಗಿಲಿನ ಸರಪಳಿ ಬಿಚ್ಚಬೇಕು, ಆದರೆ ಕೀಲಿ ಇರುವುದು ರಾತ್ರಿ ಪಾಳಿಯವನ ಹತ್ತಿರ, ಅವನು ಮನೆಯಲ್ಲಿ ಮಲಗಿದ್ದಾನೆ. ಫೋನ್ ಹೋಗುತ್ತದೆ. ಗೋಡೆಯ ಮೇಲಿನ ಕೆಂಪು ಸಿಲಿಂಡರಿನ ಮುಳ್ಳು ಹಸಿರು ಬಿಟ್ಟು ಯಾವ ಕಾಲವಾಯಿತೋ. ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ‘ಮುಂದಿನ ರೀಫಿಲ್’ ಎಂದು ಬರೆದ ದಿನಾಂಕ ಕಳೆದು ಎರಡು ಚುನಾವಣೆ ಆಗಿವೆ. ಸಿಲಿಂಡರ್ ಬದಲಿಸಲು ಸಮಯವಿಲ್ಲ; ಚೀಟಿ ಬದಲಿಸಬಹುದು. ಬದಲಿಸುತ್ತಾರೆ.

ತಂಡ ಬರುತ್ತದೆ, ಸಿಲಿಂಡರಿನ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯುತ್ತದೆ. ಅಕ್ಷಾಂಶ, ರೇಖಾಂಶ, ಸಮಯ ಎಲ್ಲ ಅದರಲ್ಲಿ ಮೂಡುತ್ತದೆ, ಸಿಲಿಂಡರಿನ ಒಳಗೇನಿದೆ ಎಂಬುದೊಂದನ್ನು ಬಿಟ್ಟು. ತಂಡ ಗೇಟು ದಾಟಿತೋ ಇಲ್ಲವೋ, ಡಬ್ಬಗಳು ಅದೇ ಲಿಫ್ಟಿನಲ್ಲಿ ಇಳಿದು ಬಂದು ತಮ್ಮ ತಮ್ಮ ಮೆಟ್ಟಿಲ ಮೇಲೆ ಕೂರುತ್ತವೆ. ಬಾಗಿಲಿಗೆ ಸರಪಳಿ, ಸರಪಳಿಗೆ ಬೀಗ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಹಿರಿಯರು ಹಂಗಿಸುತ್ತಿದ್ದರು. ಪಾಪ, ಅವರು ನಮ್ಮ ಕಾಂಪ್ಲೆಕ್ಸುಗಳನ್ನು ನೋಡಿರಲಿಲ್ಲ. ಇಲ್ಲಿ ದಿಡ್ಡಿ ಬಾಗಿಲು ಯಾವಾಗಲೂ ಹಾಕಿಯೇ ಇರುತ್ತದೆ, ಜನ ಸಾಯುವುದೇ ಅದರಿಂದ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹೊಗೆ ತುಂಬಿ, ಇಳಿಯಲು ದಾರಿ ಕಾಣದೆ, ಜನ ಮೇಲಿನ ಮಹಡಿಗಳ ಕಿಟಕಿಯಿಂದ ಹಾರಿದ್ದನ್ನು ಟಿವಿಯಲ್ಲಿ ಇಡೀ ರಾಜ್ಯ ನೋಡಿದೆ. ಒಂಬತ್ತು ಜನ. ನೆನಪಿದೆಯಲ್ಲ?

ಇನ್ನು ಅಳತೆಯ ವಿಷಯ. ನಮ್ಮ ಅಧಿಕಾರಿಗಳಿಗೆ ಅಳೆಯಲು ಬರುವುದಿಲ್ಲ ಎನ್ನುವಂತಿಲ್ಲ. 2024ರಲ್ಲಿ ಬೆಂಗಳೂರಿನ ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಫೆಬ್ರವರಿ 28ರ ಗಡುವು ಕೊಟ್ಟಾಗ ಬಿಬಿಎಂಪಿ ತೋರಿಸಿದ ಹುರುಪು ನೋಡಬೇಕಿತ್ತು. ರಸ್ತೆ ರಸ್ತೆಯ ಸರ್ವೆ, ಸಾಲು ಸಾಲು ನೋಟಿಸ್, ಕೆಲವು ಅಂಗಡಿಗೆ ಬಾಗಿಲೂ ಬಿತ್ತು. ನನ್ನ ಮೇಲೆ ಯಾರೂ ಎಗರಬೇಡಿ, ಫಲಕ ಕನ್ನಡದಲ್ಲಿ ಇರಬೇಕು ಎನ್ನುವವನೇ ನಾನು. ದಪ್ಪಗೆ, ಮೇಲ್ಗಡೆಯೇ ಇರಲಿ. ನನ್ನ ಅಳಲು ಬೇರೆ. ಬೋರ್ಡನ್ನು ಇಂಚು ಇಂಚಾಗಿ ಅಳೆದ ಆ ಟೇಪನ್ನು ಹಾಗೇ ನಾಲ್ಕು ಹೆಜ್ಜೆ ಒಳಗೆ ಒಯ್ದಿದ್ದರೆ ಮೆಟ್ಟಿಲೂ ಸಿಗುತ್ತಿತ್ತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇಂಥ ಕಟ್ಟಡದ ಮೆಟ್ಟಿಲಿಗೆ ಕನಿಷ್ಠ ಒಂದೂವರೆ ಮೀಟರ್ ಅಗಲ ಹೇಳುತ್ತದೆ. ಡಬ್ಬ ಬಿಟ್ಟು ಎಷ್ಟು ಉಳಿದಿದೆ ಎಂದು ಅಳೆಯಲು ಅರ್ಧ ನಿಮಿಷ ಸಾಕು. ಆದರೆ ಬೋರ್ಡು ಬೀದಿಗೆ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ಮೆಟ್ಟಿಲಿನ ಪರವಾಗಿ ಮೆರವಣಿಗೆ ಹೊರಡಿಸುವ ಸಂಘಟನೆಯೂ ಇಲ್ಲ.

ಅಳತೆಯ ಜಾಣತನ ಕಟ್ಟುವವರಲ್ಲೂ ಏನು ಕಡಿಮೆಯಿಲ್ಲ. ಅದೇ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದರೆ ಅದು ಬಹುಮಹಡಿ, ನಿಯಮಗಳು ಬಿಗಿ. ಹಾಗಾಗಿ ಕಟ್ಟಡ ಹದಿನಾಲ್ಕು ಮೀಟರ್ ತೊಂಬತ್ತು ಸೆಂಟಿಮೀಟರಿಗೆ ಬಂದು ಥಟ್ಟನೆ ನಿಂತುಬಿಡುತ್ತದೆ. ಮೇಲೆ ಹೊದಿಸುವ ತಗಡಿನ ಶೆಡ್ಡು ಕಟ್ಟಡವಲ್ಲವಂತೆ. ಸೂರತ್‌ನಲ್ಲಿ ಮಕ್ಕಳು ಕೂತಿದ್ದು ಅಂಥದೇ, ಆಮೇಲೆ ಎಬ್ಬಿಸಿದ ಮೇಲಂತಸ್ತಿನಲ್ಲಿ.

ನ್ಯೂಯಾರ್ಕ್‌ನ ಕಥೆ ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದುವರಿದ ದೇಶಗಳಲ್ಲಿ ಎಲ್ಲ ಸರಿಯಿದೆ ಎಂದುಕೊಂಡು ನೀವು ಕೊರಗುತ್ತೀರಿ. 1979ರಲ್ಲಿ ಅಲ್ಲಿ ಹಳೇ ಕಟ್ಟಡವೊಂದರ ಗಾರೆಯ ತುಂಡು ಬಿದ್ದು ಕಾಲೇಜು ಹುಡುಗಿಯೊಬ್ಬಳು ಸತ್ತಳು. ಮರುವರ್ಷವೇ ಕಾನೂನು ಬಂತು. ಆರು ಮಹಡಿಗಿಂತ ಎತ್ತರದ ಕಟ್ಟಡದ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಅಪಾಯವಿದ್ದರೆ ರಿಪೇರಿ ಆಗುವ ತನಕ ಪಾದಚಾರಿಗಳ ತಲೆ ಕಾಯಲು ಫುಟ್‌ಪಾತಿನ ಮೇಲೆ ಕಬ್ಬಿಣ-ಮರದ ಚಪ್ಪರ ಹಾಕಬೇಕು. ಎಷ್ಟು ಒಳ್ಳೆಯ ಕಾನೂನು! ಮಾಲೀಕರು ಕೂತು ಲೆಕ್ಕ ಹಾಕಿದರು. ಗೋಡೆ ರಿಪೇರಿ ದುಬಾರಿ, ಚಪ್ಪರದ ಬಾಡಿಗೆ ಅಗ್ಗ. ಚಪ್ಪರ ಹಾಕಿದರು, ಗೋಡೆ ಮರೆತರು. ಈಗ ಆ ನಗರದಲ್ಲಿ ಸಾವಿರಾರು ಚಪ್ಪರಗಳಿವೆ. 2023ರಲ್ಲಿ ಅವುಗಳ ಸಂಖ್ಯೆ ಒಂಬತ್ತು ಸಾವಿರದ ಆಸುಪಾಸು ಎಂದು ನಗರಾಡಳಿತವೇ ಒಪ್ಪಿಕೊಂಡಿತು. ಹಾರ್ಲೆಮ್‌ನ ಒಂದು ಚಪ್ಪರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಅದರ ಕೆಳಗೆ ಓಡಾಡುತ್ತಲೇ ಒಂದು ತಲೆಮಾರು ಬೆಳೆದು ಕಾಲೇಜು ಮುಗಿಸಿರಬೇಕು. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಚಪ್ಪರದ ಕೆಳಗೆ ಆರು ಅಂಗಡಿ, ಅಂಗಡಿಗೆ ಟ್ರೇಡ್ ಲೈಸೆನ್ಸ್, ಚಪ್ಪರಕ್ಕೇ ಒಂದು ಖಾತೆ ಆಗಿರುತ್ತಿತ್ತು.

ಅಲ್ಲಿ ಚಪ್ಪರವಾದರೂ ತಲೆ ಕಾಯುತ್ತದೆ, ಬಿಡಿ. ನಮ್ಮಲ್ಲಿ ಆ ಜಾಗದಲ್ಲಿರುವುದು ನೋಟಿಸ್. ನೋಟಿಸಿನ ಮಹಿಮೆ ಸಾಮಾನ್ಯದ್ದಲ್ಲ. ಮೊದಲನೆಯದು ತಿಳಿವಳಿಕೆಗೆ, ಎರಡನೆಯದು ಎಚ್ಚರಿಕೆಗೆ, ಮೂರನೆಯದು ಅಂತಿಮ. ಅಂತಿಮದ ಬೆನ್ನಿಗೇ ಕೋರ್ಟಿನ ತಡೆಯಾಜ್ಞೆ. ದಿಲ್ಲಿಯ ಉಪಹಾರ್ ಚಿತ್ರಮಂದಿರದ ಲೋಪಗಳನ್ನು 1983ರಲ್ಲೇ ಪಟ್ಟಿ ಮಾಡಿ ಲೈಸೆನ್ಸ್ ಅಮಾನತು ಮಾಡಿದ್ದರು. ಹೈಕೋರ್ಟು ತಡೆ ಕೊಟ್ಟಿತು. ಅಲ್ಲಿಂದ ಮುಂದೆ ತಾತ್ಕಾಲಿಕ ಪರ್ಮಿಟ್ಟುಗಳ ಮೇಲೆ ಸಿನಿಮಾ ಓಡುತ್ತಲೇ ಇತ್ತು, 1997ರ ಜೂನ್ 13ರವರೆಗೆ. ಅಂದು ಬೆಂಕಿ ಬಿದ್ದು 59 ಜನ ಸತ್ತರು. ಹೊರಗೆ ಹೋಗುವ ದಾರಿಯಲ್ಲಿ ಹೆಚ್ಚುವರಿ ಸೀಟುಗಳನ್ನು ಹಾಕಿದ್ದರು. 2015ರಲ್ಲಿ ಸುಪ್ರೀಂ ಕೋರ್ಟು ಮಾಲೀಕರಿಬ್ಬರಿಗೆ ತಲಾ 30 ಕೋಟಿ ರೂಪಾಯಿ ಕಟ್ಟಲು ಹೇಳಿತು. ಆ ಲೆಕ್ಕದಲ್ಲಿ ಒಂದು ಜೀವಕ್ಕೆ ಎಷ್ಟು ಬಿತ್ತು ಎಂದು ಭಾಗಾಕಾರ ಮಾಡುವ ಮನಸ್ಸಾದವರು ಮಾಡಿಕೊಳ್ಳಿ, ನನಗೆ ಕೈ ಬರುವುದಿಲ್ಲ.

ರಾಜ್‌ಕೋಟ್‌ನ ಗೇಮ್ ಝೋನ್ ಕೆಡವಲು ಪಾಲಿಕೆ ಹಿಂದಿನ ವರ್ಷವೇ ನೋಟಿಸ್ ಕೊಟ್ಟಿತ್ತು. ಕೆಡವಲಿಲ್ಲ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಇರಲಿಲ್ಲ, ಒಳಗೆ ವೆಲ್ಡಿಂಗ್ ನಡೆಯುತ್ತಿತ್ತು, ಮೇಲೆ ಮಕ್ಕಳು ಆಡುತ್ತಿದ್ದರು. ಬೆಂಕಿ ಆರಿದ ಮೇಲೆ ನಿಜವಾದ ದುರಸ್ತಿ ಶುರುವಾಯಿತು. ದಾಖಲೆ ತಿದ್ದಿದ ಆರೋಪದ ಮೇಲೆ ಪಾಲಿಕೆಯ ಅಧಿಕಾರಿಗಳೇ ಜೈಲಿಗೆ ಹೋದರು. ಕಟ್ಟಡದ ನಿರ್ವಹಣೆ ಆಗುವುದಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು. ಕಡತದ ನಿರ್ವಹಣೆಗೆ ನಮ್ಮವರು ಹಗಲು ರಾತ್ರಿ ದುಡಿಯುತ್ತಾರೆ.

ದಿಲ್ಲಿಯ ಆ ಕೋಚಿಂಗ್ ಸೆಂಟರಿನದು ಇನ್ನೂ ಸೊಗಸು. ಉಗ್ರಾಣಕ್ಕೆಂದು ಅನುಮತಿ ಪಡೆದ ನೆಲಮಾಳಿಗೆಯಲ್ಲಿ ಲೈಬ್ರರಿ ನಡೆಯುತ್ತಿತ್ತು. ಅಲ್ಲಿ ಅನುಮತಿಯಿಲ್ಲದೆ ತರಗತಿ ನಡೆಸುತ್ತಿದ್ದಾರೆ ಎಂದು ಒಂದು ತಿಂಗಳು ಮೊದಲೇ ವಿದ್ಯಾರ್ಥಿಯೊಬ್ಬ ದೂರು ಕೊಟ್ಟಿದ್ದ, ಮತ್ತೆ ನೆನಪೋಲೆಯನ್ನೂ ಕಳಿಸಿದ್ದ. ಜುಲೈ 9ರಂದು ಕಟ್ಟಡಕ್ಕೆ ಅಗ್ನಿಶಾಮಕ ಎನ್‌ಒಸಿ ಸಿಕ್ಕಿತು, 27ರಂದು ಮೂವರು ಸತ್ತರು. ಪೊಲೀಸರು ಶರವೇಗದಲ್ಲಿ ಅಪರಾಧಿಗಳನ್ನು ಹುಡುಕಿದರು. ಅವರ ಕೈಗೆ ಸಿಕ್ಕವರಲ್ಲಿ ಒಬ್ಬ, ಆ ಸಂಜೆ ನೀರು ನಿಂತ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋದ ದಾರಿಹೋಕ. ಅವನ ಕಾರೆಬ್ಬಿಸಿದ ಅಲೆಗೆ ಗೇಟು ಮುರಿಯಿತಂತೆ! ಪುಣ್ಯಕ್ಕೆ ಒಳಗೆ ನುಗ್ಗಿದ ಮಳೆನೀರಿಗೆ ನೀವು ಚಲನ್ ಹಾಕಲಿಲ್ಲವಲ್ಲ ಎಂದು ದಿಲ್ಲಿ ಹೈಕೋರ್ಟೇ ಕುಟುಕಿತು. ನ್ಯಾಯಮೂರ್ತಿಗಳು ವಿಡಂಬನೆ ಬರೆಯಲು ಕೂತರೆ ನಮ್ಮಂಥವರ ಹೊಟ್ಟೆಪಾಡು ಏನಾಗಬೇಕು?

ನಗು ಬರುತ್ತಿಲ್ಲ, ನಿಜ ಹೇಳಬೇಕೆಂದರೆ. ಐಎಎಸ್ ಪಾಸಾಗಬೇಕೆಂದು, ಅಂದರೆ ಮುಂದೆ ಇದೇ ನೋಟಿಸುಗಳಿಗೆ ಸಹಿ ಹಾಕುವ ಕುರ್ಚಿಯಲ್ಲಿ ಕೂರಬೇಕೆಂದು ಓದುತ್ತಿದ್ದ ಮಕ್ಕಳು ಅವರು. ಅಲ್ಲಿ ಜನ ಕೂರುತ್ತಿದ್ದಾರೆ ಎಂಬುದು ಯಾರಿಗೆ ಗೊತ್ತಿರಲಿಲ್ಲ? ಬಾಡಿಗೆ ಎಣಿಸಿದವರಿಗೆ ಗೊತ್ತಿತ್ತು. ದೂರು ತಲುಪಿದ ಕಚೇರಿಗೆ ಗೊತ್ತಿತ್ತು. ದಿನಾ ಆ ಬೀದಿಯಲ್ಲಿ ಓಡಾಡುವ ಪಾಲಿಕೆ ಸಿಬ್ಬಂದಿಗೆ ಗೊತ್ತಿತ್ತು. ಹಾಗಿದ್ದ ಮೇಲೆ ‘ನಿರ್ಲಕ್ಷ್ಯ’ ಎಂದು ಬರೆದು ಕೈ ತೊಳೆದುಕೊಳ್ಳುವುದು ಬೇಡ. ಗೊತ್ತಿದ್ದೂ ಬಿಟ್ಟರು. ದುಡ್ಡು ತಿಂದು ಬಿಟ್ಟರೋ, ಮೇಲಿನ ಫೋನಿಗೆ ಹೆದರಿ ಬಿಟ್ಟರೋ, ಸೋಮಾರಿತನಕ್ಕೆ ಬಿಟ್ಟರೋ, ಒಬ್ಬೊಬ್ಬರದು ಒಂದೊಂದು. ಆಮೇಲೆ ಒಬ್ಬ ಕಿರಿಯ ಇಂಜಿನಿಯರನ್ನು ಅಮಾನತು ಮಾಡಿ ಬೀದಿಯವರನ್ನು ಸಮಾಧಾನ ಮಾಡುವುದು, ಗಲಾಟೆ ತಣ್ಣಗಾದ ಮೇಲೆ ಅವನನ್ನು ಬೇರೆ ವಾರ್ಡಿಗೆ ಹಾಕುವುದು. ಅಲ್ಲೂ ಕಾಂಪ್ಲೆಕ್ಸುಗಳಿವೆ, ಅಲ್ಲೂ ಮೆಟ್ಟಿಲುಗಳಿವೆ.

ಈ ಸಲದ ತಪಾಸಣೆ ವರದಿಯೂ ಯಾವುದೋ ಕಪಾಟು ಸೇರುವ ಮೊದಲು ಒಂದು ಅರ್ಜಿ ಗುಜರಾಯಿಸುತ್ತೇನೆ. ಅದನ್ನು ಕಚೇರಿಯಲ್ಲಿ ಇಟ್ಟುಕೊಳ್ಳಬೇಡಿ, ಆಯಾ ಕಟ್ಟಡದ ಮುಂಬಾಗಿಲಿಗೇ ಅಂಟಿಸಿ. ಎಂದು ನೋಡಿದಿರಿ, ಏನು ಕಂಡಿರಿ, ತುರ್ತು ಬಾಗಿಲಿನ ಕೀಲಿ ಯಾರ ಹತ್ತಿರ ಇದೆ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದ ಸಾಹೇಬರ ಹೆಸರೇನು. ಒಳಗೆ ಹೋಗಬೇಕೋ ಬೇಡವೋ ನಾವು ನಿರ್ಧರಿಸಿಕೊಳ್ಳುತ್ತೇವೆ. ಶೇ 60ರಷ್ಟು ಕನ್ನಡದಲ್ಲಿದ್ದರೆ ಸಾಕು.