ತರಗೆಲೆಗೊಂದು ಎನ್‌ಒಸಿ

ಶಿವರಾತ್ರಿ ಹತ್ತಿರವಾಗುತ್ತಿದ್ದ ಹಾಗೆ ಮಲೆನಾಡಿನ ಮರಗಳು ಕಾನೂನು ಮುರಿಯಲು ಶುರುಮಾಡುತ್ತವೆ. ಸಾಗುವಾನಿ, ಮತ್ತಿ, ನಂದಿ, ಹೊಂಗೆ, ಒಂದಕ್ಕಾದರೂ ಪೂರ್ವಾನುಮತಿ ಪಡೆದು ಎಲೆ ಉದುರಿಸುವ ಸೌಜನ್ಯವಿಲ್ಲ. ಬೆಳಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನದ ಊಟಕ್ಕೆ ಮೊದಲೇ ಗುಡಿಸದ ಹಾಗಾಗಿರುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಹಿತ್ತಿಲ ಮೂಲೆಯಲ್ಲಿ ಸೊಂಟದೆತ್ತರದ ರಾಶಿ: ದರಗು ಅಂತ ನಾವು ಕರೆಯುವ ತರಗೆಲೆ, ತೆಂಗಿನ ಗರಿ, ಒಣಗಿದ ಸೋಗೆ, ದಾಸವಾಳ ಕಡಿದ ಜಿಗ್ಗು, ಅಡಿಕೆ ಸಿಪ್ಪೆ.

ಹಳ್ಳಿಯಲ್ಲಿ ಇದು ಸಮಸ್ಯೆಯೇ ಅಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟಕ್ಕೆ ಸೊಪ್ಪಿನಬೆಟ್ಟ ಬಿಟ್ಟಿರುವುದೇ ಸೊಪ್ಪು-ದರಗಿಗಾಗಿ. ದರಗು ಕೊಟ್ಟಿಗೆಗೆ ಹೋಗಿ, ದನದ ಕಾಲಡಿ ತುಳಿಸಿಕೊಂಡು, ಗೊಬ್ಬರಗುಂಡಿಗೆ ಬಿದ್ದು, ಕೊನೆಗೆ ಅಡಿಕೆ ಬುಡ ಸೇರುತ್ತದೆ. ಅಲ್ಲಿ ದರಗು ಸುಡುವವನಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅದೇ ಎಲೆ ಶಿವಮೊಗ್ಗದ ಗೋಪಾಳದಲ್ಲೋ ವಿನೋಬನಗರದಲ್ಲೋ ಮೂವತ್ತು-ನಲವತ್ತರ ಸೈಟಿನಲ್ಲಿ ಬಿದ್ದರೆ ಕಸ. ದನ ಇಲ್ಲ, ಗುಂಡಿಗೆ ಜಾಗ ಇಲ್ಲ, ಇರುವ ಜಾಗದಲ್ಲಿ ಕಾರು ನಿಂತಿದೆ. ಹಾಗಾದರೆ ಕಡ್ಡಿ ಗೀರಬಹುದೇ?

ಗೀರುವವನು ಯಾರನ್ನೂ ಕೇಳಲು ಹೋಗುವುದಿಲ್ಲ. ಕತ್ತಲಾದ ಮೇಲೆ ಗೀರಿ, ಒಳಗೆ ಹೋಗಿ ಧಾರಾವಾಹಿ ನೋಡುತ್ತಾನೆ. ಕಷ್ಟ ಇರುವುದು ಕೇಳಿಯೇ ಗೀರುತ್ತೇನೆ ಅನ್ನುವ ಸಭ್ಯನಿಗೆ. ಅಂಥವನೊಬ್ಬ ಕಚೇರಿ ಮೆಟ್ಟಿಲು ಹತ್ತಿದ ಅಂತಿಟ್ಟುಕೊಳ್ಳಿ.

"ಸಾರ್, ಸುಡೋದಕ್ಕೆ ಪರ್ಮಿಶನ್ ಬೇಕಿತ್ತು."

"ಡೆತ್ ಸರ್ಟಿಫಿಕೇಟ್ ತಂದಿದೀರಾ?"

"ಅಯ್ಯೋ, ಅದಲ್ಲ ಸಾರ್. ದರಗು."

"ಯಾರದ್ದು?"

"ಮರದ್ದು ಸಾರ್. ಹಿತ್ತಿಲಲ್ಲಿ ಬಿದ್ದಿರೋದು."

"ಮರ ನಿಮ್ಮದಾ?"

"ಎರಡು ನಮ್ಮವು. ಒಂದು ಪಕ್ಕದ್ಮನೆಯೋರದ್ದು, ಕೊಂಬೆ ಈ ಕಡೆ ಬಂದಿದೆ. ಮಿಕ್ಕಿದ್ದು ಗಾಳೀಲಿ ಗುಡ್ಡದ ಕಡೆಯಿಂದ ಬರುತ್ತೆ."

ಗುಮಾಸ್ತರ ಮುಖ ಅರಳುತ್ತದೆ. "ಗುಡ್ಡ ಅಂದ್ರೆ ಫಾರೆಸ್ಟು. ಹಂಗಾರೆ ಇದು ನಮ್ ಸೆಕ್ಷನ್ನೇ ಅಲ್ಲ ಕಣ್ರೀ!"

ಗುಮಾಸ್ತರು ತಮಾಷೆ ಮಾಡುತ್ತಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963ರ ವ್ಯಾಖ್ಯಾನದ ಪ್ರಕಾರ ಕಾಡಿನಲ್ಲಿ ಸಿಕ್ಕ ಅಥವಾ ಕಾಡಿನಿಂದ ತಂದ ಎಲೆಯೂ ಅರಣ್ಯ ಉತ್ಪನ್ನವೇ. ಇಲ್ಲಿ ತಂದ ಆರೋಪಿ ಗಾಳಿ. ಅದರ ಹತ್ತಿರ ರಹದಾರಿ ಇರಲಿಲ್ಲ, ವಿಳಾಸವೂ ಇಲ್ಲ. ಮಾಲು ಸಿಕ್ಕಿದ್ದು ನಿಮ್ಮ ಅಂಗಳದಲ್ಲಿ. ರಾಶಿಯಲ್ಲಿ ಯಾವ ಎಲೆ ಕಾಡಿನದು, ಯಾವುದು ಮನೆಯದು ಎಂದು ಬೇರ್ಪಡಿಸಿ, ಎರಡು ಪ್ರತ್ಯೇಕ ಅರ್ಜಿ ಹಾಕುವುದು ಕ್ಷೇಮ.

ಅಲ್ಲಿಂದ ಮುಂದೆ ಕಾಂಪೌಂಡ್ ಗೋಡೆಯ ಪ್ರಶ್ನೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದು ಇಷ್ಟು: ಯಾರೂ ತಮ್ಮ ಕಸವನ್ನು ರಸ್ತೆಯಲ್ಲಿ, ತಮ್ಮ ಆವರಣದ ಹೊರಗಿನ ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ, ಕೆರೆ-ಹೊಳೆಯಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು. 'ಆವರಣದ ಹೊರಗೆ' ಅನ್ನುವುದನ್ನು ಓದಿ, ಹಾಗಾದರೆ ಒಳಗೆ ಸುಡಬಹುದಲ್ಲ ಎಂದು ಅರ್ಜಿದಾರ ಹಿಗ್ಗುವಷ್ಟರಲ್ಲಿ ಅದೇ ವರ್ಷದ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶ ಬಂತು: ಬಯಲಿನಲ್ಲಿ ಕಸ ಸುಡುವುದು ಪೂರ್ತಿ ನಿಷೇಧ. ಸಾಧಾರಣ ಸುಡುವಿಕೆಗೆ 5,000 ರೂಪಾಯಿ, ಭಾರಿ ಪ್ರಮಾಣದ್ದಾದರೆ 25,000. ಸಾಧಾರಣ ಎಲ್ಲಿ ಮುಗಿದು ಭಾರಿ ಎಲ್ಲಿ ಶುರುವಾಗುತ್ತದೆ ಎಂಬುದು ರಾಶಿಯ ಪಕ್ಕ ನಿಂತವರ ಕಣ್ಣಳತೆಗೆ ಬಿಟ್ಟದ್ದು. ಈ ಕಡೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ತೆಗೆದು ನೋಡಿ. ಮನುಷ್ಯರ ಜೀವಕ್ಕೆ ಅಪಾಯವಾಗುವ ಹಾಗೆ ಬೆಂಕಿಯೊಂದಿಗೆ ಅಜಾಗರೂಕತೆ ಮಾಡಿದರೆ ಆರು ತಿಂಗಳ ತನಕ ಸಜೆ, ಇಲ್ಲವೇ 2,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಜೈಲಿನ ಮಾತು ಪಕ್ಕಕ್ಕಿಟ್ಟು ಬರೀ ದುಡ್ಡಿನ ಲೆಕ್ಕ ಹಾಕಿದರೆ, ಪಕ್ಕದ ಮನೆಯವರಿಗಿಂತ ಅವರ ಹೊಂಗೆ ಎಲೆಯೇ ದುಬಾರಿ.

ಹಾಗಾದರೆ ರಾಶಿಯನ್ನು ಏನು ಮಾಡಬೇಕು? ಅದಕ್ಕೂ 2016ರ ನಿಯಮದಲ್ಲಿ ಉತ್ತರವಿತ್ತು. ತೋಟದ ಕಸವನ್ನು ಬೇರೆಯಾಗಿ ನಿಮ್ಮ ಆವರಣದಲ್ಲೇ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಕಾಲಕಾಲಕ್ಕೆ ಕೊಡುವ ನಿರ್ದೇಶನದಂತೆ ವಿಲೇವಾರಿ ಮಾಡಬೇಕು ಅಂತ. ಕಾಲ ಬರುತ್ತದೆ, ಕಾಲ ಹೋಗುತ್ತದೆ. ರಾಶಿ ಕಿಟಕಿ ಸರಳಿನ ಮಟ್ಟಕ್ಕೆ ಬಂದು ಒಳಗೆ ಇಣುಕುತ್ತದೆ. ನಿರ್ದೇಶನದ ಸುದ್ದಿಯಿಲ್ಲ.

ಅಷ್ಟರಲ್ಲಿ ಮತ್ತೊಂದು ಇಲಾಖೆಯ ಕರಪತ್ರ ಬಾಗಿಲ ಸಂದಿಯಿಂದ ಒಳಬರುತ್ತದೆ. ಮಂಗನ ಕಾಯಿಲೆಯ ಕಾಲ, ಕಾಡಿಗೆ ದರಗು ತರಲು ಹೋಗಬೇಡಿ, ಹೋದರೆ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಇದನ್ನು ಮಾತ್ರ ನಗಾಡುವ ಹಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಕಾಯಿಲೆ ಅದು, ಇಂದಿಗೂ ಬೇಸಿಗೆಗೆ ಜೀವ ತೆಗೆಯುತ್ತದೆ. ಅದನ್ನು ದಾಟಿಸುವ ಮರಿ ಉಣುಗು ಇರುವುದೂ ಒಣ ಎಲೆಯಲ್ಲೇ. ಅಂದರೆ ಒಬ್ಬರು ಎಲೆ ಇಟ್ಟುಕೊಳ್ಳಿ ಅನ್ನುತ್ತಾರೆ, ಒಬ್ಬರು ಎಲೆ ಹತ್ತಿರ ಹೋಗಬೇಡಿ ಅನ್ನುತ್ತಾರೆ, ಇನ್ನೊಬ್ಬರು ಗೊಬ್ಬರ ಮಾಡಿ ಅನ್ನುತ್ತಾರೆ. ಮೂವರೂ ಸರಿ. ಮೂವರೂ ಒಂದೇ ಮೇಜಿನ ಸುತ್ತ ಕೂತರೆ ಮಾತ್ರ ತಪ್ಪಾಗುತ್ತದೋ ಏನೋ, ಆ ಪ್ರಯೋಗ ಯಾರೂ ಮಾಡಿದ ಹಾಗಿಲ್ಲ.

ಇಷ್ಟೆಲ್ಲದರ ನಡುವೆ ಮಲೆನಾಡಿನ ಪ್ರತಿ ಮನೆಯ ಬಚ್ಚಲೊಲೆ ದಿನಾ ಬೆಳಗಾದರೆ ಉರಿಯುತ್ತದೆ. ಅದೇ ಅಡಿಕೆ ಸಿಪ್ಪೆ, ಅದೇ ಸೋಗೆದಿಂಡು, ಅದೇ ಹೊಗೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿರುವುದಕ್ಕೂ ಆಧಾರವಿದೆ. 1981ರ ವಾಯುಮಾಲಿನ್ಯ ಕಾಯ್ದೆಯ 19(5)ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಸುಡುವುದನ್ನು ನಿಷೇಧಿಸಬಹುದಾದದ್ದು 'ಇಂಧನವಲ್ಲದ' ವಸ್ತುಗಳನ್ನು. ಸಿಪ್ಪೆಯ ಮೇಲೆ ಒಂದು ಹಂಡೆ ನೀರು ಕೂತರೆ ಅದು ಇಂಧನ. ಹಂಡೆ ಇಳಿಸಿದರೆ ಮಾಲಿನ್ಯ. ಹೋಳಿ ಹಬ್ಬಕ್ಕೆ ಕಾಮಣ್ಣನ ಹೆಸರಲ್ಲಿ ರಾಶಿ ಹಾಕಿದರೆ ಸಂಸ್ಕೃತಿ, ಸರ್ಕಲ್ಲಿನಲ್ಲಿ ಟೈರಿಗೆ ಹಚ್ಚಿದರೆ ಪ್ರತಿಭಟನೆ. ಹೆಸರಿಲ್ಲದ ಬೆಂಕಿಗೆ ಮಾತ್ರ ಅಪ್ಪಣೆ ಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡಿನಂಚಿನ ಮನೆಯವರಿಗೆ ಹಿತ್ತಿಲ ಕಸ ಸುಡಲು ನಿಜವಾಗಿಯೂ ಒಂದು ಪರವಾನಗಿ ಇದೆ. ಅದರ ಷರತ್ತುಗಳನ್ನು ಓದಿದರೆ ನಮ್ಮ ಗುಮಾಸ್ತರಿಗೆ ಬೇಸರವಾದೀತು. ರಾಶಿ ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ ಮೀರಬಾರದು. ಸುತ್ತ ಹತ್ತು ಅಡಿ ಬರಿ ಮಣ್ಣು ಕಾಣುವ ಹಾಗೆ ಕೆರೆದಿರಬೇಕು. ನೀರು, ಸಲಿಕೆ ಕೈಗೆ ಸಿಗುವಂತಿರಬೇಕು. ಬೆಂಕಿ ಪೂರ್ತಿ ಆರುವ ತನಕ ದೊಡ್ಡವರೊಬ್ಬರು ಅಲ್ಲೇ ಇರಬೇಕು. ಆ ದಿನ ಸುಡಲು ಅನುಮತಿ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು. ಮನೆಯ ಪ್ಲಾಸ್ಟಿಕ್ಕು ಗೀಸ್ಟಿಕ್ಕು ಹಾಕುವ ಹಾಗೇ ಇಲ್ಲ. ಎಲ್ಲವೂ ಬೆಂಕಿಯ ಬಗ್ಗೆ! ಅರ್ಜಿದಾರನ ತಂದೆಯ ಹೆಸರು ಕೇಳಿದ್ದಾರೋ ಇಲ್ಲವೋ, ಸಲಿಕೆಯನ್ನಂತೂ ಕೇಳಿದ್ದಾರೆ.

ನಮ್ಮಲ್ಲಿ ಅಂಥದೊಂದು ನಮೂನೆ ಮಾಡಿದರೆ ಅದರಲ್ಲಿ ಏನಿರುತ್ತದೆ? ಪಹಣಿ, ಕಂದಾಯ ರಸೀದಿ, ಆಧಾರ್ ಜೆರಾಕ್ಸ್ ಮೂರು ಪ್ರತಿ, ಅಕ್ಕಪಕ್ಕದವರ ಒಪ್ಪಿಗೆ ಛಾಪಾ ಕಾಗದದಲ್ಲಿ. ಜೊತೆಗೆ ರಾಶಿಯ ಚೆಕ್ಕುಬಂದಿ: ಪೂರ್ವಕ್ಕೆ ಬಚ್ಚಲು, ಪಶ್ಚಿಮಕ್ಕೆ ಪಕ್ಕದವರ ಕಾಂಪೌಂಡು, ಉತ್ತರಕ್ಕೆ ಬಸಳೆ ಚಪ್ಪರ, ದಕ್ಷಿಣಕ್ಕೆ ರಾಶಿ ತಾನೇ, ಯಾಕೆಂದರೆ ಆ ಕಡೆಗೆ ಅದು ಇನ್ನೂ ಬೆಳೆಯುತ್ತಿದೆ.

ಕೇಳಬೇಕಾದ್ದು ಬೇರೆ. ಎಷ್ಟು ಹೊತ್ತಿಗೆ ಹಚ್ಚುತ್ತೀರಿ? ಬೆಳಗಿನ ಇಬ್ಬನಿ ಸುತ್ತಲಿನ ಹುಲ್ಲಿನ ಮೇಲೆ ಇರುವಾಗಲೇ ಹಚ್ಚಿ, ಬಿಸಿಲೇರಿ ಗಾಳಿ ಏಳುವ ಮೊದಲು ಮುಗಿಸಿದರೆ ಬೆಂಕಿ ಹೇಳಿದ ಮಾತು ಕೇಳುತ್ತದೆ. ಮಧ್ಯಾಹ್ನ ಎರಡಕ್ಕೆ ಹಚ್ಚಿದರೆ ಯಾರ ಮಾತನ್ನೂ ಕೇಳುವುದಿಲ್ಲ. ಸಂಜೆ ಹಚ್ಚಿದರೆ ಹೊಗೆ ಮೇಲೇಳದೆ, ತಂಪುಗಾಳಿಯ ಅಡಿ ಸಿಕ್ಕಿಕೊಂಡು, ಇಡೀ ರಾತ್ರಿ ಕೇರಿಯವರ ಮೂಗಿನಲ್ಲಿ ಮಲಗುತ್ತದೆ. ಗುಡ್ಡ ಯಾವ ಕಡೆ? ಮಲೆನಾಡಿನ ಮನೆ-ತೋಟ ಕೆಳಗೆ, ಬೆಟ್ಟ ಮೇಲೆ. ಬೆಂಕಿ ಇಳಿಯುವುದಕ್ಕಿಂತ ಹತ್ತುವುದರಲ್ಲಿ ಚುರುಕು. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಅದರ ಓಟ ಹೆಚ್ಚುಕಡಿಮೆ ಇಮ್ಮಡಿ. ತೋಟದಂಚಿನಲ್ಲಿ ಬಿಟ್ಟ ಕಿಡಿ ಕರಡದ ಬೇಣ ಅನ್ನುವ ಒಣಹುಲ್ಲಿನ ಬಯಲು ದಾಟಿ ಸೊಪ್ಪಿನಬೆಟ್ಟ ಮುಟ್ಟುವುದು, ಮನೆಯವರು ಕೊಡಪಾನ ಹುಡುಕುವಷ್ಟರಲ್ಲಿ. ಆ ಬೆಟ್ಟದಾಚೆ ಶೆಟ್ಟಿಹಳ್ಳಿ ಅಭಯಾರಣ್ಯ ಇದ್ದರೆ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದನ್ನು ನಿಷೇಧಿಸುವ 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮು ಕಾದಿರುತ್ತದೆ.

ರಾಶಿಯಲ್ಲಿ ಏನೇನಿದೆ? ಸಾಗುವಾನಿ ಎಲೆ ಹೊತ್ತಿಕೊಂಡೇ ಗಾಳಿಪಟದ ಹಾಗೆ ಏಳುತ್ತದೆ, ಇಳಿಯುವುದು ಪಕ್ಕದವರ ಹುಲ್ಲುಬಣವೆಯ ಮೇಲೆ. ಬಿದಿರು ಗಿಣ್ಣಿನೊಳಗಿನ ಗಾಳಿ ಕಾದು ಪಟಾಕಿಯಂತೆ ಸಿಡಿದು ಕೆಂಡ ಎಸೆಯುತ್ತದೆ. ಹೊಳಗೇರು ಮರದ ಸೊನೆ ತಾಗಿದರೇ ಮೈ ಬೊಬ್ಬೆ ಏಳುತ್ತದೆ, ಅದರ ಹಸಿಕೊಂಬೆಯ ಹೊಗೆಗೆ ಮುಖ ಕೊಟ್ಟವರು ಮೂರು ದಿನ ಕನ್ನಡಿ ನೋಡುವುದಿಲ್ಲ. ಅಡಿಕೆ ಮರ ಎಷ್ಟು ದೂರ? ನೈಋತ್ಯದ ಬಿಸಿಲಿಗೇ ಕಾಂಡ ಸೀಯುತ್ತದೆಂದು ಸೋಗೆ ಕಟ್ಟಿ ಕಾಪಾಡುವ ಮರ ಅದು. ಉರಿಯ ಝಳ ಹೊಡೆದ ಗಾಯ ಅದಕ್ಕೆ ಮಾಯುವುದಿಲ್ಲ, ಮಾವು-ಹಲಸಿನ ಹಾಗೆ ತೊಗಟೆ ಮತ್ತೆ ಕೂಡಿಕೊಳ್ಳುವ ಜಾತಿಯಲ್ಲ.

ಎಲ್ಲಕ್ಕಿಂತ ಮೋಸಗಾರ ಅಡಿಕೆ ಸಿಪ್ಪೆ. ನಾರಿನ ನಡುವೆ ಗಾಳಿ ಇಟ್ಟುಕೊಂಡಿರುತ್ತದೆ, ಉರಿಯದೆ ಒಳಗೊಳಗೇ ಕನಲುತ್ತದೆ. ಮೇಲೆ ಬಿಳಿಬೂದಿ, ಆರಿತು ಅಂತ ಮನೆಯವರು ಮಲಗುತ್ತಾರೆ. ಮೂರನೇ ದಿನ ಒಂದು ಗಾಳಿ ಬೀಸಿದರೆ ಮತ್ತೆ ಎದ್ದು ಕೂರುತ್ತದೆ. ಕಡಿದ ಮರದ ಹಳೆ ಕುಂಟೆಯ ಮೇಲೆ ರಾಶಿ ಹಾಕಿದ್ದರಂತೂ ಬೆಂಕಿ ಬೇರು ಹಿಡಿದು ನೆಲದಡಿ ನಡೆದು, ಹತ್ತು ಅಡಿ ಆಚೆ ತಲೆ ಎತ್ತುತ್ತದೆ. ಮೇಲಿನಿಂದ ಎರಡು ಕೊಡ ನೀರು ಹುಯ್ದರೆ ಬೂದಿ ಹೆಪ್ಪುಗಟ್ಟಿ ಕೆಂಡಕ್ಕೆ ಕಂಬಳಿ ಹೊದಿಸಿದಂತಾಗುತ್ತದೆ, ಅಷ್ಟೇ. ಗುದ್ದಲಿಯಿಂದ ಎಳೆದು, ಹರವಿ, ನೀರು ಹಾಕಿ, ಕಲಸಿ, ಮತ್ತೆ ಹಾಕಿ, ಕೊನೆಗೆ ಅಂಗೈಯ ಹಿಂಬದಿ ಬೂದಿಯ ಹತ್ತಿರ ಹಿಡಿದು ನೋಡಬೇಕು. ಬಿಸಿ ತಾಗಿದರೆ ಇನ್ನೂ ಕೆಲಸ ಇದೆ. ಈ ಅಂಗೈ ಪರೀಕ್ಷೆಗೆ ಯಾವ ನಮೂನೆಯಲ್ಲೂ ಕಲಂ ಇರುವುದಿಲ್ಲ, ಯಾಕೆಂದರೆ ಅದಕ್ಕೆ ಮೊಹರು ಒತ್ತಲು ಬರುವುದಿಲ್ಲ.

ಇರಲಿ. ನಮ್ಮ ಸಭ್ಯ ಗೃಹಸ್ಥ ಮಾರ್ಚಿ ಮೊದಲ ವಾರ ಅರ್ಜಿ ಹಾಕಿದ. ಒಂದು ಮೇಜಿನವರು ಇನ್ನೊಂದು ಮೇಜಿನ ಎನ್‌ಒಸಿ ಕೇಳಿದರು, ಆ ಮೇಜಿನವರು ಮೊದಲ ಮೇಜಿನದನ್ನು ಕೇಳಿದರು. ಏಪ್ರಿಲ್‌ನಲ್ಲಿ ಸ್ಥಳ ಮಹಜರಿಗೆ ಬಂದವರು ರಾಶಿಯನ್ನು ಮುಂದಿನಿಂದ, ಹಿಂದಿನಿಂದ ಫೋಟೋ ಹೊಡೆದು, ಎಳನೀರು ಕುಡಿದು ಹೋದರು. ಮೇ ಪೂರ್ತಿ ಮದುವೆ ಸೀಸನ್ನು. ಜೂನ್‌ನಲ್ಲಿ ಫೈಲು ಕೈಬದಲಾಯಿತು. ಅನುಮತಿ ಪತ್ರ ಕೈಸೇರಿದ್ದು ಜುಲೈ ಮಧ್ಯದಲ್ಲಿ, ಪುನರ್ವಸು ಮಳೆ ಸೂರಿನ ನೀರನ್ನು ಹಗ್ಗದ ಹಾಗೆ ಇಳಿಸುತ್ತಿದ್ದಾಗ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಸೀಮೆಯಲ್ಲಿ ನಿಂತು ಅರ್ಜಿದಾರ ಷರತ್ತು ಓದಿಕೊಂಡ: 'ಸುಡತಕ್ಕ ವಸ್ತುವು ಸಂಪೂರ್ಣ ಒಣಗಿರತಕ್ಕದ್ದು. ಸ್ಥಳದಲ್ಲಿ ಸಾಕಷ್ಟು ನೀರು ಲಭ್ಯವಿರತಕ್ಕದ್ದು.'

ಎರಡನೆಯದಕ್ಕೆ ತೊಂದರೆಯಿರಲಿಲ್ಲ. ರಾಶಿ ಇದ್ದ ಜಾಗದಲ್ಲಿ ಮೊಣಕಾಲೆತ್ತರದ ಕಪ್ಪು ಗುಪ್ಪೆ, ಮೇಲೆ ಸಾಲಾಗಿ ಅಣಬೆ, ಎರೆಹುಳಕ್ಕೆ ಕೆದಕುತ್ತಿರುವ ಎರಡು ಕೋಳಿ. ಸುಡಲು ಏನೂ ಉಳಿದಿಲ್ಲ ಎಂದು ತಿಳಿಸಲು ಅವನು ಕಚೇರಿಗೆ ಫೋನ್ ಮಾಡಿದ.

"ಅದೆಲ್ಲ ಆಗಲ್ಲ ಕಣ್ರೀ. ಸ್ಯಾಂಕ್ಷನ್ ಆಗಿದೆ. ಸುಟ್ಟಿದ್ದಕ್ಕೆ ಫೋಟೋ ಹಾಕದಿದ್ರೆ ಸಿಸ್ಟಮ್‌ನಲ್ಲಿ ಪೆಂಡಿಂಗ್ ಅಂತ ತೋರ್ಸುತ್ತೆ. ಬೂದಿದೊಂದು ಫೋಟೋ ಕಳ್ಸಿ."

ಅವನು ಕೊಡೆ ಮಡಚಿಟ್ಟು ಬಚ್ಚಲಿಗೆ ಹೋದ. ಒಲೆಯ ಬಾಯಿಂದ ಅವತ್ತಿನ ಬೂದಿಯನ್ನು ಸಲಿಕೆಯಲ್ಲಿ ಎಳೆದು, ಬೆಳಕಿಗೆ ಹಿಡಿದು ಒಂದು ಫೋಟೋ ತೆಗೆದ. ಸಂಜೆಯೊಳಗೆ ಮೊಬೈಲಿಗೆ ಮೆಸೇಜು ಬಂತು: ನಿಮ್ಮ ಅರ್ಜಿ ಯಶಸ್ವಿಯಾಗಿ ವಿಲೇವಾರಿಯಾಗಿದೆ.