ಸಿಂಹಕ್ಕೆ ಹಾಕಿದ ಮಣೆ

ಮಧ್ಯಪ್ರದೇಶದ ಕುನೋ ಅರಣ್ಯದ ವಿಚಾರವಾಗಿ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 15ರಂದು ಎರಡು ಮಾತು ಹೇಳಿತು: ಗುಜರಾತಿನ ಗಿರ್ ಕಾಡಿನ ಕೆಲವು ಸಿಂಹಗಳನ್ನು ಆರು ತಿಂಗಳೊಳಗೆ ಅಲ್ಲಿಗೆ ಸಾಗಿಸಬೇಕು; ಆಫ್ರಿಕಾದ ಚೀತಾಗಳನ್ನು ಅಲ್ಲಿಗೆ ತರಕೂಡದು. ನಮ್ಮ ಆಡಳಿತವು ಈ ತೀರ್ಪನ್ನು ತಲೆಕೆಳಗಾಗಿ ಹಿಡಿದು, ಅಷ್ಟೇ ಭಕ್ತಿಯಿಂದ ಪಾಲಿಸಿದೆ. ಕುನೋದಲ್ಲೀಗ ಆಫ್ರಿಕಾದ ಚೀತಾಗಳಿವೆ, ಗಿರ್‌ನ ಸಿಂಹ ಒಂದೂ ಇಲ್ಲ. ಚೀತಾಗಳನ್ನು ಪ್ರಯೋಗಾರ್ಥವಾಗಿ ತರಲು ಅದೇ ನ್ಯಾಯಾಲಯವು 2020ರಲ್ಲಿ ಒಪ್ಪಿತೆಂಬುದನ್ನೂ ಹೇಳಬೇಕು. ಸಿಂಹಗಳಿಗೆ ಕೊಟ್ಟ ಆರು ತಿಂಗಳು ಮಾತ್ರ ಇನ್ನೂ ಮುಗಿದಂತಿಲ್ಲ.

ಸಿಂಹಗಳಿಗೆ ಇನ್ನೊಂದು ಕಾಡೇಕೆ ಬೇಕೆಂದು ಕೇಳುವವರಿಗೆ ವಿಜ್ಞಾನಿಗಳ ಉತ್ತರ ಹಳೆಯದು, ಸರಳವಾದದ್ದು. ಜಗತ್ತಿನಲ್ಲಿ ಕಾಡಿನಲ್ಲಿ ಉಳಿದಿರುವ ಏಷ್ಯಾ ಸಿಂಹಗಳೆಲ್ಲವೂ ಸೌರಾಷ್ಟ್ರದಲ್ಲೇ ಇವೆ. ಒಂದು ಶತಮಾನದ ಹಿಂದೆ ಬೇಟೆಯಿಂದ ಪಾರಾದ ಬೆರಳೆಣಿಕೆಯ ಪೂರ್ವಜರ ಸಂತಾನವಾದ್ದರಿಂದ ಅವುಗಳ ವಂಶವಾಹಿಗಳಲ್ಲಿ ವೈವಿಧ್ಯವೂ ಕಡಿಮೆ. ಬಿತ್ತನೆಯ ಬೀಜವನ್ನೆಲ್ಲ ಒಂದೇ ಕಣಜದಲ್ಲಿ ಸುರಿದಿಟ್ಟ ರೈತನಿಗೆ ನಿದ್ದೆ ಹತ್ತದಂತೆ ಇವರಿಗೂ ಹತ್ತುತ್ತಿಲ್ಲ. 1994ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗವು ತಾಂಜಾನಿಯಾದ ಸೆರೆಂಗೆಟಿಗೆ ನುಗ್ಗಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಅಳಿಸಿಹಾಕಿತು. ಅದೇ ವೈರಾಣು 2018ರಲ್ಲಿ ಗಿರ್‌ನ ದಲ್ಖಾನಿಯಾ ವಲಯದಲ್ಲೂ ಕಾಣಿಸಿಕೊಂಡಿತು, ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು. ಲಸಿಕೆ ಅಮೆರಿಕದಿಂದ ತ್ವರಿತವಾಗಿ ಬಂತು. ಪಕ್ಕದ ರಾಜ್ಯಕ್ಕೆ ಹೋಗುವ ದಾರಿ ಮಾತ್ರ ಆಗಲೂ ಯಾರಿಗೂ ಹೊಳೆಯಲಿಲ್ಲ.

ಗುಜರಾತ್ ಮುಂದಿಟ್ಟ ವಾದಗಳಲ್ಲಿ ನನಗೆ ಬಹಳ ಹಿಡಿಸಿದ್ದು, ಸಿಂಹವು ತಮ್ಮ ಕುಟುಂಬದ ಸದಸ್ಯನೆಂಬ ವಾದ. ಕಾಡುಪ್ರಾಣಿ ಯಾವ ರಾಜ್ಯದ ಸೊತ್ತೂ ಅಲ್ಲವೆಂದು ನ್ಯಾಯಮೂರ್ತಿಗಳು ತಿಳಿಹೇಳಿದರಾದರೂ ಕರುಳಿನ ಸಂಬಂಧವು ಕಾನೂನಿಗೆ ಅರ್ಥವಾಗುವುದಾದರೂ ಹೇಗೆ? 2025ರ ಗಣತಿಯಲ್ಲಿ ಈ ಕುಟುಂಬದ ಸದಸ್ಯರ ಸಂಖ್ಯೆ 891ಕ್ಕೆ ಏರಿದೆ. ಅದು ನಿಜಕ್ಕೂ ದೊಡ್ಡ ಸಾಧನೆ, ಅದರಲ್ಲಿ ವ್ಯಂಗ್ಯವಿಲ್ಲ. ಆದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂರಕ್ಷಿತ ಅರಣ್ಯದ ಹೊರಗೆ, ಹೊಲಗದ್ದೆಗಳಲ್ಲೂ ಕಡಲ ದಂಡೆಯಲ್ಲೂ ಕಾಲ ಹಾಕುತ್ತಾರೆ. ಆಗಾಗ ಕಟ್ಟೆಯಿಲ್ಲದ ಬಾವಿಗೆ ಬೀಳುತ್ತಾರೆ, ರೈಲಿಗೆ ಸಿಕ್ಕಿ ಸಾಯುತ್ತಾರೆ. ಮನೆಮಗ ಬಾವಿಗೆ ಬಿದ್ದರೂ ಚಿಂತೆಯಿಲ್ಲ, ಬಾವಿ ನಮ್ಮ ಊರಿನದಾಗಿದ್ದರೆ ಸಾಕು. ಎರಡನೆಯ ಮನೆ ಬೇಕೇಬೇಕೆಂದು ಹಟ ಹಿಡಿದವರಿಗೆ ಪೋರ್‌ಬಂದರ್ ಬಳಿಯ ಬರ್ಡಾ ಅಭಯಾರಣ್ಯವನ್ನು ತೋರಿಸಲಾಗಿದೆ. ಅದೂ ಸೌರಾಷ್ಟ್ರದಲ್ಲೇ ಇರುವುದರಿಂದ, ಗಡಿ ದಾಟದ ಶಿಸ್ತನ್ನು ವೈರಾಣುವೂ ಪಾಲಿಸುವುದೆಂದು ನಂಬೋಣ.

ಕುನೋದಿಂದ 24 ಹಳ್ಳಿಗಳು ಎದ್ದುಹೋದವು. ಹೆಚ್ಚಿನವರು ಸಹರಿಯಾ ಆದಿವಾಸಿಗಳು. ಅವರು ಹೊಲಮನೆ ತೊರೆದದ್ದು ಸಿಂಹ ಬರುತ್ತದೆಂಬ ಮಾತನ್ನು ನಂಬಿ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳು ವಿಮಾನದಲ್ಲಿ ಬಂದಿಳಿದಾಗ ಕ್ಯಾಮೆರಾಗಳು ಸಾಲುಗಟ್ಟಿದವು, ನಾಮಕರಣಕ್ಕೆ ಜನರಿಂದ ಹೆಸರುಗಳನ್ನು ಆಹ್ವಾನಿಸಲಾಯಿತು. ಎಲ್ಲರೂ ಸಂಭ್ರಮದಲ್ಲಿದ್ದುದರಿಂದ ಚೀತಾಗಳ ಮೈಗೆ ಮಾತ್ರ ದೇಶ ಬದಲಾದ ಸುದ್ದಿಯನ್ನು ಯಾರೂ ತಿಳಿಸಲಿಲ್ಲ. ದಕ್ಷಿಣಾರ್ಧ ಗೋಳದ ಲೆಕ್ಕದಂತೆ ಅವು ನಮ್ಮ ಮಳೆಗಾಲಕ್ಕೆ ಸರಿಯಾಗಿ ಚಳಿಗಾಲದ ದಪ್ಪ ತುಪ್ಪಳ ಬೆಳೆಸಿಕೊಂಡವು. 2023ರ ಮಳೆಯಲ್ಲಿ ಕುತ್ತಿಗೆಯ ರೇಡಿಯೊ ಪಟ್ಟಿಯಡಿ ಗಾಯವಾಗಿ, ಹುಳುಬಿದ್ದು, ನಂಜೇರಿ ಕೆಲವು ಸತ್ತವು. ಹೊರಗಿದ್ದವುಗಳನ್ನು ಹಿಡಿದು ಬೇಲಿಯೊಳಗೆ ಕೂಡಿಹಾಕಬೇಕಾಯಿತು. ಕ್ರಮೇಣ ಮರಿಗಳು ಹುಟ್ಟಿವೆ, ಕೆಲವು ಬದುಕಿಯೂ ಇವೆ. ಆ ಮರಿಗಳ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಸಿಂಹಕ್ಕೆ ಹಾಕಿದ ಮಣೆಯ ಮೇಲೆ ತಾವು ಕುಳಿತಿದ್ದೇವೆಂದು ಅವಕ್ಕೇನು ಗೊತ್ತು?

ಇಷ್ಟಾದ ಮೇಲೆ ಗುಜರಾತನ್ನು ಸಂಕುಚಿತ ಮನಸ್ಸಿನದೆಂದು ದೂರುವುದು ಅನ್ಯಾಯವಾದೀತು. ಕಚ್ಛದ ಬನ್ನಿ ಹುಲ್ಲುಗಾವಲಿನಲ್ಲಿ ಚೀತಾ ಸಂತಾನೋತ್ಪತ್ತಿ ಕೇಂದ್ರಕ್ಕೆ ಅದು ಸಂತೋಷದಿಂದಲೇ ಜಾಗ ಕೊಟ್ಟಿದೆ. ಕೊಡುವುದರಲ್ಲೂ ಅದು ಜಿಪುಣನಲ್ಲ: ಜುನಾಗಢದ ಸಕ್ಕರ್‌ಬಾಗ್ ಮೃಗಾಲಯದ ಸಿಂಹಗಳು ವಿನಿಮಯದ ಲೆಕ್ಕದಲ್ಲಿ ಪರರಾಜ್ಯಗಳಿಗೂ, ಕಡಲಾಚೆ ಪ್ರಾಗ್ ನಗರಕ್ಕೂ ಹೋಗಿವೆ. ಆಗ ಕುಟುಂಬವೂ ಒಡೆಯಲಿಲ್ಲ, ಕರುಳೂ ಹಿಂಡಲಿಲ್ಲ. ಕುನೋಗೆ ಹೊರಡಬೇಕಾದ ಸಿಂಹಗಳಿಗಿರುವ ಅಡ್ಡಿಯೆಂದರೆ ಅವು ಇನ್ನೂ ಪಂಜರದ ಹೊರಗಿರುವುದೊಂದೇ.